ಟಾಮೆಕ್‌ನನ್ನು ಬಿಟ್ಟುಬರದ ಮಳೆಗಾಲ

ಕೊಚ್ಚಿಯ ಪಾಲಾರಿವಟ್ಟಂ ಜಂಕ್ಷನ್ನಿನಿಂದ ಒಳಕ್ಕೆ ತಿರುಗುವ ರಸ್ತೆಯಲ್ಲಿ ಮೊಬೈಲ್, ಲ್ಯಾಪ್‌ಟಾಪ್ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಯಿದೆ. ಮೊನ್ನೆ ಎರಡನೇ ಶನಿವಾರ, ಬ್ಯಾಂಕಿಗೆ ರಜೆಯಿದ್ದ ದಿನ, ನಮ್ಮ ಮನೆಯ ವಿಡಿಯೊ ಗೇಮ್ ಯಂತ್ರವನ್ನು ಅಲ್ಲಿಗೆ ಒಯ್ದಿದ್ದೆ. ಟಿವಿಗೆ ಜೋಡಿಸಿ ಆಡುವ ಕಪ್ಪು ಪೆಟ್ಟಿಗೆ ಅದು. ಕೆಲವು ವರ್ಷ ಅಟ್ಟದ ಮೇಲೆ ಸುಮ್ಮನೆ ಬಿದ್ದಿತ್ತು. ಹಿಂದಿನ ದಿನ ನನ್ನ ಹೆಂಡತಿ ಗಿರಿಜಾ ಅದನ್ನು ಕೆಳಗಿಳಿಸಿ, ಒರೆಸಿ, ಸ್ವಿಚ್ ಹಾಕಿ ನೋಡಿದ್ದಳು. ಸಣ್ಣ ದೀಪ ಹೊತ್ತಿ, ಒಳಗೆ ಫ್ಯಾನ್ ಒಂದು ಸುತ್ತು ತಿರುಗಿ, ಎಲ್ಲ ಆರಿಹೋಗಿತ್ತು. ಅವಳು ನನ್ನ ಕಡೆ ನೋಡಿದಳು. ನೋಡಿದ ಮೇಲೆ ನಾನು ಒಯ್ಯಬೇಕು. ನಮ್ಮ ಮನೆಯಲ್ಲಿ ಅದು ಹಾಗೆಯೇ.

ಅಂಗಡಿಯ ಶಿಜು ಯಂತ್ರವನ್ನು ಬೋರಲು ಹಾಕಿ ತಿರುಪುಗಳನ್ನು ಬಿಚ್ಚಿದ. ಮುಚ್ಚಳ ಎತ್ತಿದ ಕೂಡಲೇ ಒಂದು ವಾಸನೆ ಬಂತು. ಬಿಸಿಯಾಗಿ ತಣಿದ ಧೂಳು, ಒದ್ದೆ ಕಬ್ಬಿಣ, ಅದರ ಕೆಳಗೆ ಎಲ್ಲೋ ಒಣಮೀನು. ಫ್ಯಾನಿನ ಅಂಚಿನಲ್ಲೂ ಹಸಿರು ಬೋರ್ಡಿನ ಮೂಲೆಗಳಲ್ಲೂ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಶಿಜು ಅದನ್ನು ಉಗುರಿನಿಂದ ಕೆರೆದ.

"ಉಪ್ಪಾಣ್, ಸಾರೇ," ಎಂದ. "ಇದ್ ಕಡಲಿಂಡೆ ಅಡುತ್ತಾಯಿರುನ್ನೋ?"

ಹೌದು, ಕಡಲಿನ ಹತ್ತಿರವೇ ಇತ್ತು. ಒಂದೇ ಒಂದು ಮಳೆಗಾಲ.

ಅವನು ಇನ್ನೂ ಸ್ವಲ್ಪ ನೋಡಿ ವಿಷಯ ಹೇಳಿದ. ಒಳಗಿರುವುದನ್ನೆಲ್ಲ ಅಳಿಸಿ ಬೋರ್ಡ್ ಬದಲಿಸಿದರೆ ನಾಳೆ ಸಂಜೆಗೆ ಯಂತ್ರ ಕೊಡಬಹುದು. ಆಡಿ ಉಳಿಸಿಟ್ಟ ಹಳೆಯ ಆಟ ಬೇಕೇ ಬೇಕು ಅಂದರೆ ಇದೇ ಬೋರ್ಡಿನ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು, ಸುಟ್ಟ ಭಾಗಗಳನ್ನು ಒಂದೊಂದಾಗಿ ಬದಲಿಸಬೇಕು. ಆಗುತ್ತದೆ ಎಂದು ಮಾತು ಕೊಡಲಾರ. "ಒಳಗೆ ಇಂಪಾರ್ಟೆಂಟ್ ಏನಾದ್ರೂ ಇದೆಯಾ ಸಾರೇ?"

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದೆ. ಹೊರಗೆ ಮಳೆ ಹೊಡೆಯುತ್ತಿತ್ತು. ಫೋನು ಕೈಯಲ್ಲಿ ಹಿಡಿದು ಅಂಗಡಿಯ ಬೆಂಚಿನ ಮೇಲೆ ಕೂತೆ. ಆ ವಾಸನೆ ಇನ್ನೂ ಅಲ್ಲೇ ಇತ್ತು.

*

ಆ ವರ್ಷ ಮಳೆ ಇನ್ನೂ ಶುರುವಾಗಿರಲಿಲ್ಲ. ಮೇ ತಿಂಗಳ ಕೊನೆ, ಬೆಳಿಗ್ಗೆ. ಗಿರಿಜಾ ಆಗ ಐಟಿ ಪಾರ್ಕಿನ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದಳು, ಈಗಲೂ ಇದ್ದಾಳೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಅಂದು ಮನೆಯಿಂದಲೇ ಮೀಟಿಂಗಿನಲ್ಲಿದ್ದಳು. ನಾನು ಬ್ಯಾಂಕಿಗೆ ಹೊರಡಲು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದೆ. ಒಳಗಿನಿಂದ ಅವಳ ಇಂಗ್ಲಿಷು ಕೇಳುತ್ತಿತ್ತು. ಒಂದು ವಾಕ್ಯದ ನಡುವೆ ನಿಂತಿತು. ಇನ್ನೊಬ್ಬರು ಮಾತಾಡುತ್ತಿರಬಹುದು ಅಂದುಕೊಂಡೆ. ಆಮೇಲೆ ಲ್ಯಾಪ್‌ಟಾಪಿನೊಳಗಿಂದ ಯಾರೋ "ಗಿರಿಜಾ? ಗಿರಿಜಾ?" ಎಂದು ಕರೆಯುವುದು ಕೇಳಿಸಿತು. ಹೋಗಿ ನೋಡಿದಾಗ ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತು ತನ್ನ ಬಲಗೈಯನ್ನು ನೋಡುತ್ತಿದ್ದಳು, ಯಾರೋ ಮೇಜಿನ ಮೇಲೆ ಮರೆತುಹೋದ ವಸ್ತುವನ್ನು ನೋಡುವ ಹಾಗೆ. ನನ್ನ ಕಡೆ ತಿರುಗಿ ಬಾಯಿ ತೆರೆದಳು. ಮಾತು ಬರಲಿಲ್ಲ.

ಇಲ್ಲಿ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಪಾರ್ಶ್ವವಾಯು. ನಲವತ್ತು ತುಂಬದ ಹೆಂಗಸಿಗೆ ಪಾರ್ಶ್ವವಾಯು ಬರಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಕೊಚ್ಚಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಕಾಲು ಬೇಗ ಸರಿಹೋಯಿತು. ಬಲಗೈ ಸೋತಿತ್ತು, ಮಾತು ಪೂರ್ತಿ ಹೋಗಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಬೇಕಾದ್ದೂ ಒಳಗೆ ಇದೆ, ನಡುವಿನ ದಾರಿ ಮುಚ್ಚಿದೆ ಎಂದು ಡಾಕ್ಟರು ವಿವರಿಸಿದರು. ಮೊದಲ ಕೆಲವು ತಿಂಗಳಲ್ಲಿ ಆ ದಾರಿ ಎಷ್ಟು ತೆರೆಯುತ್ತದೋ ಅದೇ ಮುಖ್ಯ, ಕಾಲ ಕಳೆದಷ್ಟೂ ಕಷ್ಟ ಎಂದರು. ಮಾತಿನ ಚಿಕಿತ್ಸೆಗೆ ತಿರುವನಂತಪುರದ ಒಂದು ಕೇಂದ್ರದ ಹೆಸರು ಹೇಳಿದರು. ನನ್ನ ಬ್ಯಾಂಕಿನವರು ಆ ಮಳೆಗಾಲದ ಮಟ್ಟಿಗೆ ಅಲ್ಲಿನ ಒಂದು ಶಾಖೆಗೆ ನನ್ನನ್ನು ಕಳಿಸಲು ಒಪ್ಪಿದರು. ನಾವು ಮನೆ ಹಿಡಿದದ್ದು ತುಂಬ ಎಂಬ ಕಡಲತೀರದ ಊರಿನಲ್ಲಿ. ಕಡಲಿನಿಂದ ಎರಡು ಸಾಲು ಮನೆಗಳ ಹಿಂದೆ, ಸ್ಟೆಲ್ಲಾ ಚೇಚಿಯ ಮನೆಯ ಮಹಡಿ.

ಸ್ಟೆಲ್ಲಾ ಚೇಚಿ, ಅಂದರೆ ಸ್ಟೆಲ್ಲಾ ಅಕ್ಕ, ಮೀನುಗಾರರ ಮನೆಯ ಹೆಂಗಸು. ಐವತ್ತು ದಾಟಿದ ಗಟ್ಟಿ ಆಳು, ದೊಡ್ಡ ಗಂಟಲು. ಅವರಿಗೆ ಕನ್ನಡ ಬರದು, ಗಿರಿಜಾಗೆ ಆಗ ಯಾವ ಭಾಷೆಯೂ ಬರದು. ಬಂದ ಮೊದಲ ದಿನವೇ ಆಕೆ ಗಿರಿಜಾಳ ಗಲ್ಲ ಹಿಡಿದು, "ಮೋಳೇ, ಮಾತಿಲ್ಲದಿದ್ದರೆ ಏನಂತೆ? ನನ್ನ ಗಂಡನಿಗೆ ಮಾತಿದೆ, ಇಷ್ಟು ವರ್ಷದಲ್ಲಿ ಉಪಯೋಗಕ್ಕೆ ಬಂದದ್ದನ್ನು ಒಂದೂ ಆಡಿಲ್ಲ. ಸಾರಮಿಲ್ಲ," ಎಂದರು. ಸಾರಮಿಲ್ಲ ಅಂದರೆ ಪರವಾಗಿಲ್ಲ, ದೊಡ್ಡ ಮಾತಲ್ಲ ಅಂತ. ಅಲ್ಲಿನ ಜನ ಅದನ್ನು ಎಲ್ಲದಕ್ಕೂ ಹೇಳುತ್ತಾರೆ. ದೋಣಿ ಮಗುಚಿ ಬದುಕಿ ಬಂದವನಿಗೂ, ಚಹಾ ಚೆಲ್ಲಿದವನಿಗೂ ಅದೇ ಮಾತು. ಕೆಳಗೆ ವರಾಂಡದಲ್ಲಿ ಬಲೆ ಹೊಲಿಯುತ್ತಿದ್ದ ಅವರ ಗಂಡ ತಲೆಯೆತ್ತಿ ನಕ್ಕು, ಏನೂ ಆಡದೆ ಮತ್ತೆ ತಲೆ ತಗ್ಗಿಸಿದರು.

ಚಿಕಿತ್ಸೆ ಕೊಡುತ್ತಿದ್ದವರು ಬಿಂದು ಮೇಡಂ. ವಯಸ್ಸು ಕಡಿಮೆ, ದನಿಯೂ ಕಡಿಮೆ. ಅವರ ಬಳಿಯಿದ್ದ ಚಿತ್ರಪಟಗಳು ಮಲಯಾಳಂನಲ್ಲಿ ಮತ್ತು ಇಂಗ್ಲಿಷಿನಲ್ಲಿ ಇದ್ದವು. ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು. ಕನ್ನಡ, ಅವಳದು ಹುಬ್ಬಳ್ಳಿಯದು, ನನ್ನದು ಮೈಸೂರು ಕಡೆಯದು ಎಂದೆ. ಅವರು ಸ್ವಲ್ಪ ಯೋಚಿಸಿ, ಕನ್ನಡದಲ್ಲಿ ಚಿಕಿತ್ಸೆ ಕೊಡುವವರು ಈ ಊರಿನಲ್ಲಿ ನನಗೆ ಗೊತ್ತಿರುವಂತೆ ಯಾರೂ ಇಲ್ಲ, ಆದ್ದರಿಂದ ಕನ್ನಡದ ಪಾಲು ನಿಮ್ಮದು, ಹೇಗೆ ಅಂತ ನಾನು ಹೇಳಿಕೊಡುತ್ತೇನೆ ಎಂದರು. ಹೇಳಿಕೊಟ್ಟದ್ದು ಇಷ್ಟು: ಏನು ಬೇಕು ಎಂದಷ್ಟೇ ಕೇಳಬೇಡಿ, ಎರಡು ಮೂರು ಉತ್ತರ ಮುಂದಿಟ್ಟು ಆರಿಸಲು ಬಿಡಿ. ಅವರ ಮಾತನ್ನು ನೀವು ಮುಗಿಸಬೇಡಿ. ಕಾಯಿರಿ. ನಿಮಗೆ ಸಾಕು ಅನ್ನಿಸಿದ ಮೇಲೂ ಕಾಯಿರಿ.

ನಾನು ಮಕ್ಕಳ ವರ್ಣಮಾಲೆಯ ಪುಸ್ತಕ ತರಿಸಿದೆ. ಆನೆಯ ಚಿತ್ರ ತೋರಿಸಿ, "ಇದು ಆನೆಯಾ, ಇಲಿಯಾ?" ಎಂದು ಕೇಳಿದೆ. ಗಿರಿಜಾ ಆನೆಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಆ ದಿನ ಮತ್ತೆ ತಿರುಗಲಿಲ್ಲ.

ಹುಬ್ಬಳ್ಳಿಯಿಂದ ಅವಳ ತಾಯಿ ದಿನಾ ಸಂಜೆ ಫೋನು ಮಾಡುತ್ತಿದ್ದರು. ಮಂಡಿ ನೋವಿನಿಂದ ಬರಲಾಗಿರಲಿಲ್ಲ. ಸ್ಪೀಕರಿನಲ್ಲಿ ಹಾಕುತ್ತಿದ್ದೆ.

"ಗಿರಿಜವ್ವಾ, ಒಂದ ಸಲಾ ಅವ್ವಾ ಅನ್ನ ನೋಡೋಣು. ಒಂದ ಸಲಾ ಅಂದ್ರ ಸಾಕ ನನಗ."

ಅವಳು ಪ್ರಯತ್ನಿಸುತ್ತಿದ್ದಳು. ಕತ್ತಿನ ನರ ಬಿಗಿಯುವುದು ಕಾಣುತ್ತಿತ್ತು. ಮೂರನೆಯ ಸಲವೋ ನಾಲ್ಕನೆಯ ಸಲವೋ, ಎಡಗೈಯಿಂದ ಫೋನನ್ನು ಬೋರಲು ಹಾಕಿದಳು. ತಾಯಿಯ ದನಿ ಹಾಸಿಗೆಯೊಳಗಿಂದ, "ಆಗ್ಲಿ ಬಿಡವಾ, ನಾಳೆ ಅನ್ನುವಂತಿ," ಎನ್ನುತ್ತಲೇ ಇತ್ತು.

ಆಗ ನನಗೆ ಹೊಳೆದದ್ದು ಇಷ್ಟೇ: ಆ ಮನೆಯಲ್ಲಿ ಎಲ್ಲರೂ ಅವಳಿಂದ ಒಂದು ಮಾತಿಗಾಗಿ ಕೈ ಒಡ್ಡಿ ನಿಂತಿದ್ದೆವು. ನಾನು, ಅವಳ ತಾಯಿ, ಬಾಗಿಲ ಬಳಿ ಇಣುಕುತ್ತಿದ್ದ ಚೇಚಿ. ಆದರೆ ಏನು ಮಾಡಬೇಕು ಎಂಬುದು ಹೊಳೆದಿರಲಿಲ್ಲ.

*

ಬಟ್ಟೆಬರೆ ತರಲು ಕೊಚ್ಚಿಯ ಫ್ಲಾಟಿಗೆ ಒಂದು ದಿನ ಹೋದಾಗ ವಾಚ್‌ಮನ್ ಒಂದು ಪೊಟ್ಟಣ ಕೊಟ್ಟ. ಗಿರಿಜಾಳ ಹೆಸರಿಗೆ ಬಂದದ್ದು. ಒಳಗೆ ಒಂದು ಆಟದ ಡಿಸ್ಕ್.

ಅದರ ಮೊದಲ ಭಾಗವನ್ನು ಅವಳು ಹಿಂದಿನ ವರ್ಷವಿಡೀ ಭಾನುವಾರಗಳಲ್ಲಿ ಆಡಿದ್ದಳು. ನಾನು ಪಕ್ಕದಲ್ಲಿ ಪೇಪರು ಓದುತ್ತ ಕೂತಿರುತ್ತಿದ್ದೆ. ತಮ್ಮ ಸೂರ್ಯ ಆರುತ್ತಿರುವ ಒಂದು ಜನಾಂಗ, ಅವರನ್ನು ಹೊತ್ತು ಬೇರೆ ನೆಲ ಹುಡುಕಿ ಹೊರಟ ಒಂದು ಹಡಗು, ಆ ಹಡಗಿನ ಕ್ಯಾಪ್ಟನ್ ಒಬ್ಬ ಹೆಂಗಸು. ಆಡುವವರೇ ಆ ಕ್ಯಾಪ್ಟನ್. ಗುಂಡು ಹಾರಿಸುವುದು ಸ್ವಲ್ಪ, ಮಾತಾಡುವುದು ಬಹಳ. ಯಾರಾದರೂ ಏನಾದರೂ ಹೇಳಿದರೆ ಪರದೆಯ ಕೆಳಗೆ ಮೂರು ಉತ್ತರ ಬರುತ್ತವೆ. ಒಂದನ್ನು ಆರಿಸಿದರೆ ಕ್ಯಾಪ್ಟನ್ ಅದನ್ನು ತನ್ನ ದನಿಯಲ್ಲಿ ಹೇಳುತ್ತಾಳೆ. ನನಗೆ ಅದರಲ್ಲಿ ಪರಿಚಯವಿದ್ದದ್ದು ಟಾಮೆಕ್ ಒಬ್ಬನೇ. ಹಡಗಿನ ಮುದಿ ಮೆಕ್ಯಾನಿಕ್, ಕೈಗೆ ಆರು ಬೆರಳು, ಪ್ರತಿ ಮಾತಿಗೂ ಮುಂಚೆ ದೊಡ್ಡದಾಗಿ ಉಸಿರು ಬಿಡುತ್ತಿದ್ದ. ಆ ಉಸಿರು ಕೇಳಿ ನಾನು ಪೇಪರಿನ ಮೇಲಿಂದ ತಲೆಯೆತ್ತುತ್ತಿದ್ದೆ. "ನಿಮ್ಮ ಮ್ಯಾನೇಜರ್ ಬಂದ ನೋಡ್ರಿ," ಎಂದು ಗಿರಿಜಾ ನಗುತ್ತಿದ್ದಳು.

ಪೊಟ್ಟಣದಲ್ಲಿದ್ದದ್ದು ಎರಡನೇ ಭಾಗ. ಡಿಸ್ಕ್ ಕೈಯಲ್ಲಿ ಹಿಡಿದು ನಿಂತಾಗ ನೆನಪಾದದ್ದು ಬಿಂದು ಮೇಡಂ ಹೇಳಿದ್ದ ಮಾತು. ಮೂರು ಉತ್ತರ ಮುಂದಿಡಿ. ಕಾಯಿರಿ.

ಯಂತ್ರವನ್ನು ಹೊದಿಕೆಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ತಂದೆ. ಚೇಚಿ ತಮ್ಮ ಟಿವಿಯನ್ನೇ ಮೇಲಕ್ಕೆ ಹೊತ್ತು ತಂದರು. ಯಂತ್ರ ಕಂಡದ್ದೇ ಗಲ್ಲಕ್ಕೆ ಕೈಯಿಟ್ಟು, "ಅಯ್ಯೋ ಸಾರೇ, ಇದು ಕುಟ್ಟಿಗಳ ಆಟ ಅಲ್ಲವಾ? ಮಕ್ಕಳಾಡುವುದು!" ಎಂದರು. ಗಿರಿಜಾ ಮಾತ್ರ ಹಾಸಿಗೆಯಿಂದ ತಾನಾಗಿ ಎದ್ದು ಬಂದು ಚಾಪೆಯ ಮೇಲೆ ಕೂತಳು.

ಕಂಟ್ರೋಲರ್ ಹಿಡಿಯಲು ಎರಡು ಕೈ ಬೇಕು. ಅವಳಿಗೆ ಆಗ ಇದ್ದದ್ದು ಒಂದು. ಹಾಗಾಗಿ ನಾನು ಕೈ, ಅವಳು ಕ್ಯಾಪ್ಟನ್.

ಪರದೆಯ ಮೇಲೆ ಮೊದಲ ಪ್ರಶ್ನೆ ಬಂತು. ಹೊಸದಾಗಿ ಶುರುಮಾಡುವುದೋ, ಹಿಂದಿನ ಯಾತ್ರೆಯನ್ನು ಮುಂದುವರಿಸುವುದೋ? ಹೊಸದು ಎಂಬುದು ಮೇಲಿತ್ತು. ನಾನು ಅದರ ಮೇಲೆ ಬೆರಳಿಟ್ಟು, "ಹೊಸದಾಗಿ ಮಾಡೋಣ ಅಲ್ವಾ?" ಎಂದೆ. ಮಣಿಕಟ್ಟಿನ ಮೇಲೆ ಪಟಾರನೆ ಏಟು ಬಿತ್ತು. ಎಡಗೈಯಿಂದ ಹೊಡೆದಿದ್ದಳು. ಕಣ್ಣು ಕಿಡಿಕಾರುತ್ತಿತ್ತು. ಬಾಗಿಲಲ್ಲಿದ್ದ ಚೇಚಿ ಬಾಯಿಗೆ ಸೆರಗು ಹಿಡಿದು ನಕ್ಕರು. ಮೇ ತಿಂಗಳಿಂದ ಈಚೆಗೆ ಗಿರಿಜಾ ನನ್ನ ಮೇಲೆ ಸಿಟ್ಟಾದದ್ದು ಅದೇ ಮೊದಲು. ನೋವಾದ ಜಾಗವನ್ನು ನಾನು ಉಜ್ಜಿಕೊಳ್ಳಲಿಲ್ಲ.

ಮುಂದುವರಿಸಿದೆ. ಹಡಗಿನ ಬಾಗಿಲು ತೆರೆಯಿತು, ಒಳಗಿಂದ ಆ ಉಸಿರು ಕೇಳಿಸಿತು. ಟಾಮೆಕ್ ಬಂದು, "ತಡ ಮಾಡಿದೆ, ಕ್ಯಾಪ್ಟನ್," ಎಂದ. ಹೊಸದಾಗಿ ಶುರುಮಾಡಿದ್ದರೆ, ಮೊದಲ ಭಾಗದಲ್ಲೇ ಅವನು ಸತ್ತನೆಂದು ಆಟ ಲೆಕ್ಕ ಹಿಡಿಯುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಗಿರಿಜಾ ಅವನನ್ನು ಮೊದಲ ಭಾಗದಲ್ಲಿ ಕಷ್ಟಪಟ್ಟು ಉಳಿಸಿಕೊಂಡಿದ್ದಳು. ಅದನ್ನು ನನಗೆ ಹೇಳಲು ಅವಳ ಬಳಿ ಇದ್ದದ್ದು ಆ ಒಂದು ಏಟು ಮಾತ್ರ.

*

ಹೀಗೆ ಶುರುವಾಯಿತು. ಬೆಳಿಗ್ಗೆ ಬಿಂದು ಮೇಡಂ, ಹಗಲು ನನಗೆ ಬ್ಯಾಂಕು, ಆಗ ಚೇಚಿ ಕಾವಲು, ಸಂಜೆ ಆಟ. ಕರ್ಕಾಟಕ ಮಾಸದ ಮಳೆ ಕಡಲ ಕಡೆಯಿಂದ ಅಡ್ಡಡ್ಡ ಬಂದು ಕಿಟಕಿಗೆ ಬಡಿಯುತ್ತಿತ್ತು. ಅಲೆ ಏರಿದ ದಿನ ದೋಣಿಗಳೆಲ್ಲ ಮರಳಿನ ಮೇಲೆ ಬೋರಲು. ಮೀನುಗಾರರು ಮನೆಯಲ್ಲೇ ಕೂತು ಜಗಳವಾಡುತ್ತಿದ್ದರು. ಒಂದು ಮಧ್ಯಾಹ್ನ ಮಳೆ ಬಿಟ್ಟ ಹೊತ್ತಿನಲ್ಲಿ, ಹತ್ತಿರದ ಬಾಹ್ಯಾಕಾಶ ಕೇಂದ್ರದವರು ಹಾರಿಸಿದ ಸಣ್ಣ ರಾಕೆಟೊಂದು ತೆಂಗಿನ ತಲೆಗಳ ಆಚೆ ಬಿಳಿ ಗೆರೆಯೆಳೆದು ಮೋಡದಲ್ಲಿ ಮಾಯವಾಯಿತು. ಚೇಚಿ ತಲೆಯೆತ್ತಲೂ ಇಲ್ಲ, ಒಣಗಿಸಿದ ಮೀನು ಒಳಗಿಡುತ್ತಿದ್ದರು. ಗಿರಿಜಾ ಮಾತ್ರ ನನ್ನ ತೋಳು ಹಿಡಿದೆಳೆದು, ಮೋಡವನ್ನೂ ಒಳಗಿನ ಟಿವಿಯನ್ನೂ ಬೆರಳಿನಿಂದ ತೋರಿಸಿದಳು. ನಮ್ಮ ಹಡಗು ಹೋಯಿತು, ನಾವು ಇಲ್ಲೇ ಉಳಿದೆವು ಎಂದು ಅದರ ಅರ್ಥ. ಅದು ಹಾಸ್ಯ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಆಡುವ ಕ್ರಮ ಹೀಗಿತ್ತು. ಯಾರಾದರೂ ಮಾತಾಡಿದಾಗ ಆಟ ತಾನಾಗಿ ನಿಲ್ಲುತ್ತದೆ. ಮೂರು ಉತ್ತರಗಳನ್ನು ನಾನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು. ಅವಳು ಎಡಗೈಯ ಬೆರಳು ಎತ್ತಬೇಕು: ಒಂದು, ಎರಡು, ಮೂರು. ಸಾಮಾನ್ಯವಾಗಿ ಒಂದನೆಯದು ಮೆದು ಮಾತು, ಎರಡನೆಯದು ಚೇಷ್ಟೆ, ಮೂರನೆಯದು ಬಿರುಸು. ಎಷ್ಟು ಹೊತ್ತಾದರೂ ಆಟಕ್ಕೆ ಬೇಸರವಿಲ್ಲ. ಎದುರಿಗೆ ನಿಂತ ಪಾತ್ರ ಕಣ್ಣು ಮಿಟುಕಿಸುತ್ತ, ಕಾಲು ಬದಲಿಸುತ್ತ ಕಾಯುತ್ತದೆ. ನಮ್ಮೆಲ್ಲರಲ್ಲೂ ಸರಿಯಾಗಿ ಕಾಯಲು ಬರುತ್ತಿದ್ದದ್ದು ಅದಕ್ಕೆ ಒಂದಕ್ಕೇ. ನಾನು ಅದನ್ನು ನೋಡಿ ಕಲಿತೆ.

ಗಿರಿಜಾ ಆಟದ ಮಂತ್ರಿಗಳಿಗೆ ಮೂರು ಎತ್ತುತ್ತಿದ್ದಳು. ಹಡಗಿನಲ್ಲಿ ಕೆಲಸ ಮಾಡುವವರಿಗೆ ಒಂದು. ಸಾವು ಎದುರಿಗೆ ನಿಂತಾಗ ಮಾತ್ರ ಯಾವಾಗಲೂ ಎರಡು. ಎಂಜಿನ್ ಹೊತ್ತಿ ಉರಿಯುತ್ತಿದೆ, ಟಾಮೆಕ್ ಹೊಗೆಯೊಳಗಿಂದ ಕೆಮ್ಮುತ್ತ, "ಕ್ಯಾಪ್ಟನ್, ಇನ್ನು ಏನೂ ಉಳಿದಿಲ್ಲ," ಎನ್ನುತ್ತಾನೆ. ನಾನು ಓದಿದೆ:

"ಒಂದು, ಧೈರ್ಯವಾಗಿರು, ನಾನು ಬರ್ತಿದೀನಿ. ಎರಡು, ಚಹಾ ಉಳಿದಿದೆಯಾ? ಮೂರು, ನನಗೆ ನೆಪ ಬೇಡ. ಯಾವ್ದು?"

ಎರಡು ಬೆರಳು. ತಟ್ಟನೆ.

ಇಷ್ಟು ವರ್ಷ ಜೊತೆಗೆ ಬಾಳಿದ್ದೆವು. ಅವಳು ಹೆದರಿದಾಗ ತಮಾಷೆ ಮಾಡುವವಳು ಎಂದು ನಾನು ಗಮನಿಸಿರಲಿಲ್ಲ. ಮೇ ತಿಂಗಳ ಆ ಬೆಳಿಗ್ಗೆ ಬಾಯಿ ತೆರೆದಾಗ ಅವಳು ಏನು ಹೇಳಲು ಹೊರಟಿದ್ದಳು ಎಂದು ಆಗ ಮೊದಲ ಸಲ ಬೇರೆ ರೀತಿ ಯೋಚಿಸಿದೆ. ಸಹಾಯಕ್ಕೆ ಕೂಗಲು ಹೊರಟಿದ್ದಳು ಅಂದುಕೊಂಡಿದ್ದೆ. ನನ್ನ ಶರ್ಟಿನ ಗುಂಡಿ ತಪ್ಪಾಗಿ ಬಿದ್ದಿದೆ ಎನ್ನಲು ಹೊರಟಿದ್ದಿರಬಹುದು. ಅಂದು ಅದು ನಿಜವಾಗಿಯೂ ತಪ್ಪಾಗಿ ಬಿದ್ದಿತ್ತು.

ಆಡುವುದರಲ್ಲಿ ನಾನು ತೀರ ದಡ್ಡ. ಕ್ಯಾಪ್ಟನ್‌ಳನ್ನು ಗೋಡೆಗೆ ನಡೆಸುತ್ತಿದ್ದೆ, ಬಾಗಿಲು ಬಿಟ್ಟು ಕಿಟಕಿಗೆ ನುಗ್ಗಿಸುತ್ತಿದ್ದೆ. ಒಂದು ಸಂಜೆ ಹಡಗನ್ನು ಒಂದು ಬಂದರಿಗೆ ಇಳಿಸಬೇಕಿತ್ತು. ಗಿರಿಜಾ ಕೈಯಲ್ಲಿ ಎಡಕ್ಕೆ, ಎಡಕ್ಕೆ ಎಂದು ತೋರಿಸುತ್ತಿದ್ದಳು. ನಾನು ನೇರವಾಗಿ ಒಯ್ದು ದೀಪಸ್ತಂಭಕ್ಕೆ ಗುದ್ದಿದೆ.

"ಖೋಡಿ!"

ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಅವಳದೇ ದನಿ. ಖೋಡಿ ಎಂಬುದು ಅವಳ ಊರಿನ ಬೈಗುಳ, ಕಿಡಿಗೇಡಿ ಅಂತ. ಕುಕ್ಕರಿಗೆ, ಆಟೊದವರಿಗೆ, ಆಫೀಸಿನ ಕಂಪ್ಯೂಟರಿಗೆ ಅವಳು ಅದನ್ನು ಧಾರಾಳವಾಗಿ ಹೇಳುತ್ತಿದ್ದಳು. ನನ್ನ ಎದುರಿಗೆ ನನಗೇ ಎಂದೂ ಅಂದಿರಲಿಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳು ಕೈಯಿಂದ ಬಾಯಿ ಮುಟ್ಟಿಕೊಂಡಳು. ನಾನು ಮೆಟ್ಟಿಲ ಬಳಿ ಓಡಿ ಕೂಗಿದೆ. ಚೇಚಿ ಕೈಯಲ್ಲಿದ್ದ ಸೌಟಿನ ಸಮೇತ ಬಂದರು. "ಮೋಳ್ ಸಂಸಾರಿಚ್ಚು! ಮಗಳು ಮಾತಾಡಿದಳು!" ಎಂದು ಬೀದಿಗೆ ಕೇಳುವಂತೆ ಸಾರಿ, ಏನಂದಳು ಎಂದು ಆಮೇಲೆ ಕೇಳಿದರು. ಹೇಳಿದೆ. ಚೇಚಿ ಆ ಮಾತನ್ನು ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿ, ಕೆಳಗಿಳಿದು ಹೋಗಿ ಗಂಡನಿಗೆ ಅಂದು ಬಂದರು.

ಮರುದಿನ ಬಿಂದು ಮೇಡಂ ಸಂತೋಷಪಟ್ಟರು. ಆದರೆ ನಿಧಾನವಾಗಿ, ನೋವಾಗದಂತೆ ಇಷ್ಟು ಹೇಳಿದರು: ಬೈಗುಳ, ಎಣಿಕೆ, ಹಾಡು ಇವೆಲ್ಲ ಬೇರೆ ಓಣಿಯಿಂದ ಬರುತ್ತವೆ. ಅದು ತಾನಾಗಿ ಬಂತು, ಅವರು ತಂದದ್ದಲ್ಲ. ಅವರೇ ಒಂದು ಮಾತನ್ನು ಹುಡುಕಿ ತರುವ ದಿನ ತಡವಾಗುತ್ತದೆ. ಕಿವಿಗೆ ಕೇಳುವ ಮುಂಚೆ ಮುಖದಲ್ಲಿ ಕಾಣುತ್ತದೆ. ಅದಕ್ಕೆ ಕಾಯಿರಿ.

ನಿಜ. ಖೋಡಿ ಆಮೇಲೆ ಎಷ್ಟೋ ಸಲ ಬಂತು. ನಾನು ಗುದ್ದಿದಾಗಲೆಲ್ಲ ಬಂತು. ಗುದ್ದಬಾರದ ಕಡೆಯೂ ಬೇಕೆಂದೇ ಗುದ್ದಿದೆ. ಬೇರೆ ಮಾತು ಬರಲಿಲ್ಲ. ಮಳೆ ಮುಗಿಯುತ್ತ ಬಂತು. ಬ್ಯಾಂಕಿನವರು ಓಣಂ ಆದ ಮೇಲೆ ವಾಪಸು ಬರಬೇಕೆಂದು ನೆನಪಿಸಿದರು. ಮೊದಲ ಕೆಲವು ತಿಂಗಳು ಮುಖ್ಯ ಎಂದಿದ್ದ ಡಾಕ್ಟರ ಮಾತು ಕಂಟ್ರೋಲರಿನ ಮೇಲೆ ಬೆರಳಿಟ್ಟು ಕೂತಾಗಲೆಲ್ಲ ನೆನಪಾಗುತ್ತಿತ್ತು. ಅವಳಿಗೂ ನೆನಪಾಗುತ್ತಿತ್ತು ಎಂದು ಕಾಣುತ್ತದೆ. ಬರಬರುತ್ತ ಅವಳ ಬೆರಳುಗಳು ತಡವಾಗಿ ಏಳತೊಡಗಿದವು.

ಸಂಜೆ ಗಂಜಿಯ ಪಾತ್ರೆ ಹಿಡಿದು ಬರುವ ಚೇಚಿ ಚಾಪೆಯ ಅಂಚಿನಲ್ಲಿ ಕೂತು ನೋಡುತ್ತಿದ್ದರು. ಆಟದ ಇಂಗ್ಲಿಷೂ ಅವರಿಗೆ ತಿಳಿಯದು, ನನ್ನ ಕನ್ನಡವೂ ತಿಳಿಯದು. ಆದರೂ ಟಾಮೆಕ್ ತಮ್ಮ ಮೈದುನನಂತೆಯೇ ಇದ್ದಾನೆ ಎಂದು ತೀರ್ಮಾನಿಸಿದ್ದರು. "ಅದೇ ಉಸಿರು, ಅದೇ ಹೊಟ್ಟೆ. ಒಳ್ಳೆಯವನು, ಆದರೆ ಎದ್ದೇಳಿಸಿದರೆ ಮಾತ್ರ ಏಳುವವನು." ಒಂದು ದಿನ ಬಾರದಿದ್ದರೆ ಮರುದಿನ ಬಾಗಿಲಿಂದಲೇ ಕೇಳುತ್ತಿದ್ದರು: "ನಮ್ಮ ಆರು ಬೆರಳಿನವನು ಹೇಗಿದ್ದಾನೆ?" ಗಿರಿಜಾ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು.

*

ಅದು ಓಣಂ ಬರುವ ಚಿಂಗ ಮಾಸ ಹುಟ್ಟಿದ ಮೇಲಿನ ಒಂದು ಭಾನುವಾರ, ಮಧ್ಯಾಹ್ನ. ಮಳೆ ಹನಿಯುತ್ತಿತ್ತು, ಬಿಸಿಲೂ ಇತ್ತು. ಚರ್ಚಿನಿಂದ ಬಂದ ಚೇಚಿ ಒಳ್ಳೆಯ ಸೀರೆಯಲ್ಲೇ ಮೇಲೆ ಬಂದು ಕೂತಿದ್ದರು.

ಆಟ ಕೊನೆಯ ಹತ್ತಿರ ಬಂದಿತ್ತು. ಒಂದು ಸತ್ತ ಚಂದ್ರನ ಮೇಲಿನ ಹಳೆಯ ನಿಲ್ದಾಣ. ನಮ್ಮ ಹಡಗು ಹೊರಗೆ ಹೋಗಬೇಕಾದರೆ ಅಲ್ಲಿನ ದೊಡ್ಡ ಬಾಗಿಲನ್ನು ಒಳಗಿನಿಂದ ಯಾರಾದರೂ ಎತ್ತಿ ಹಿಡಿದಿರಬೇಕು. ಹಿಡಿದವರು ಅಲ್ಲೇ ಉಳಿಯುತ್ತಾರೆ. ಟಾಮೆಕ್ ಉಸಿರು ಬಿಟ್ಟ. ಆರು ಬೆರಳಿನ ಕೈಯನ್ನು ಸನ್ನೆಕೋಲಿನ ಮೇಲೆ ಇಟ್ಟು ಕ್ಯಾಪ್ಟನ್ ಕಡೆ ತಿರುಗಿದ. "ಹೇಳು, ಕ್ಯಾಪ್ಟನ್," ಎಂದ.

ಆಟ ನಿಂತಿತು. ಮೂರು ಉತ್ತರ ಬಂದವು. ನಾನು ಓದಿದೆ.

"ಒಂದು, ಇದು ನಿನ್ನಿಂದ ಮಾತ್ರ ಆಗೋ ಕೆಲಸ, ಕ್ಷಮಿಸು. ಎರಡು, ಬಾಗಿಲು ಹಿಡ್ಕೊಂಡಿರು, ಬೇರೇನೂ ಮುಟ್ಟಬೇಡ. ಮೂರು, ಇದು ನನ್ನ ಆಜ್ಞೆ."

ಮೂರರಲ್ಲಿ ಯಾವುದನ್ನು ಆರಿಸಿದರೂ ಅವನು ಅಲ್ಲೇ ಉಳಿಯುತ್ತಾನೆ ಎಂಬುದು ನನಗೂ ತಿಳಿಯಿತು. ಎರಡು ಬೆರಳು ಏಳುತ್ತವೆಂದು ಕಾದೆ. ಏಳಲಿಲ್ಲ. ಅವಳ ಕೈ ಚಾಪೆಯ ಮೇಲೇ ಇತ್ತು. ಮುಖ ನೋಡಿದೆ. ಹುಬ್ಬು ಗಂಟಿಕ್ಕಿತ್ತು. ಪೂರ್ತಿ ಕತ್ತಲೆಯ ಕೋಣೆಯಲ್ಲಿ ಸ್ವಿಚ್ ತಡವುವವರ ಮುಖ ಹಾಗಿರುತ್ತದೆ. ಕತ್ತಿನ ನರ ಬಿಗಿಯಿತು. ತುಟಿಗಳು ಕೂಡಿಕೊಂಡವು, ಬಿಟ್ಟವು, ಮತ್ತೆ ಕೂಡಿಕೊಂಡವು. ನನ್ನ ನಾಲಿಗೆಯ ತುದಿಗೆ ಯಾವ ಯಾವುದೋ ಮಾತು ಬಂತು. ಹಲ್ಲು ಕಚ್ಚಿ ಹಿಡಿದೆ. ಪರದೆಯ ಮೇಲೆ ಟಾಮೆಕ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಚೇಚಿಯ ಕೈಯ ಜಪಮಣಿ ನಿಂತಿತು.

"ಬ್..."

ಕಾದೆವು.

"ಬ್ಯಾಡ."

ಬೇಡ ಎನ್ನುವುದು ಅವಳ ಊರಿನಲ್ಲಿ ಬ್ಯಾಡ. ಪರದೆಯ ಮೇಲೆ ಅದು ಇರಲಿಲ್ಲ. ನಾನು ಓದಿರಲಿಲ್ಲ. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಆಗ ನಾನು ಆಡಿದ ಮಾತು ಈಗಲೂ ನೆನಪಿದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತವನ ಮಾತು ಅದು. "ಆ ತರದ್ದು ಇಲ್ಲಿಲ್ಲ ಗಿರಿಜಾ. ಇರೋದು ಮೂರೇ."

ಅವಳು ನನ್ನ ಕಡೆ ತಿರುಗಿದಳು. ಈ ಸಲ ಅಷ್ಟು ತಡವಾಗಲಿಲ್ಲ. "ಬ್ಯಾಡ," ಎಂದಳು. ಎಡಗೈ ಚಾಚಿ ಟಾಮೆಕ್‌ನನ್ನು ತೋರಿಸಿದಳು. "ಬ್ಯಾಡ."

ನಾನು ಕಂಟ್ರೋಲರನ್ನು ನೆಲದ ಮೇಲಿಟ್ಟೆ.

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಚೇಚಿ ಹೇಳುವ ಪ್ರಕಾರ ನಾನು ಗೋಡೆಗೆ ಒರಗಿ ಅತ್ತೆ, ಗಿರಿಜಾ ನನ್ನ ತಲೆ ಸವರಿದಳು. ಚೇಚಿ ಸ್ವಲ್ಪ ಬೆಳೆಸಿ ಹೇಳುವವರು. ಆದರೂ ಅದನ್ನು ಇಲ್ಲ ಎನ್ನಲು ನನ್ನಲ್ಲಿ ಆಧಾರವಿಲ್ಲ. ನೆನಪಿರುವುದು ಸಂಜೆ. ಹುಬ್ಬಳ್ಳಿಯಿಂದ ಫೋನು ಬಂದಾಗ ಗಿರಿಜಾಳೇ ಅದನ್ನು ಎತ್ತಿಕೊಂಡಳು.

"ಗಿರಿಜವ್ವಾ, ಊಟಾ ಆತೇನವಾ? ಅನ್ನಬೇಕಂತೇನಿಲ್ಲ, ಸುಮ್ನ ಕೇಳಿದೆ."

ಆ ಕಡೆ ತಾಯಿ, ಎಂದೂ ಸುಮ್ಮನಿರದವರು, ಅಂದು ಯಾಕೋ ಸುಮ್ಮನಿದ್ದರು.

"ಅ... ವ್ವ."

ಮಾತು ಹೀಗೆ ಬಂತು. ಪ್ರವಾಹದಂತೆ ಬರಲಿಲ್ಲ. ಒಂದು ದಿನ ಒಂದು, ಕೆಲವು ದಿನ ಒಂದೂ ಇಲ್ಲ. ನೀರು, ಸಾಕು, ರೀ. ಚೇಚಿಯ ಹೆಸರು. ಓಣಂ ಮುಗಿಸಿ ಕೊಚ್ಚಿಗೆ ಹೊರಟಾಗ ಚೇಚಿ ಗಿರಿಜಾಳನ್ನು ತಬ್ಬಿ, "ಮೈದುನನ ಗತಿ ಏನಾಯಿತು ಎಂದು ನನಗೆ ಹೇಳಲೇ ಇಲ್ಲವಲ್ಲ ಮೋಳೇ," ಎಂದರು. ಗಿರಿಜಾ ತುಂಬ ಹೊತ್ತು ಹುಡುಕಿದಳು. ಆಟೊದವನು ಹಾರ್ನ್ ಹೊಡೆದ. ಅವಳು ಅವನಿಗೆ ಕೈ ತೋರಿ ನಿಲ್ಲಿಸಿ, ಕೊನೆಗೆ ಕಂಡುಹಿಡಿದಳು.

"ಇದ್ದಾನ," ಎಂದಳು.

ಇದ್ದಾನೆ. ಆಟ ತನ್ನಷ್ಟಕ್ಕೆ ಆ ಜಾಗವನ್ನು ಉಳಿಸಿಟ್ಟುಕೊಂಡಿತ್ತು. ನಾವು ಮತ್ತೆ ಅದನ್ನು ತೆರೆಯಲಿಲ್ಲ. ಯಂತ್ರ ಅಟ್ಟ ಸೇರಿತು. ಅದರೊಳಗೆ, ಚೇಚಿಯ ಊರಿನ ಕಡಲಗಾಳಿ ತಂದ ಉಪ್ಪಿನ ನಡುವೆ, ಸತ್ತ ಚಂದ್ರನ ಬಾಗಿಲ ಬಳಿ, ಟಾಮೆಕ್ ಸನ್ನೆಕೋಲಿನ ಮೇಲೆ ಕೈಯಿಟ್ಟು ಉತ್ತರಕ್ಕೆ ಕಾಯುತ್ತ ನಿಂತಿದ್ದ.

*

ಅಂಗಡಿಯ ಬೆಂಚಿನಿಂದ ಗಿರಿಜಾಗೆ ಫೋನು ಮಾಡಿದೆ. ಈಗ ಅವಳು ಮಾತಾಡುತ್ತಾಳೆ. ಮೀಟಿಂಗುಗಳಲ್ಲಿ ಕಡಿಮೆ, ಮನೆಯಲ್ಲಿ ಹೆಚ್ಚು, ಎಲ್ಲ ಕಡೆ ನಿಧಾನ. ಕೆಲವು ಮಾತು ಸಿಗುವುದಿಲ್ಲ, ಆಗ ಪಕ್ಕದ ಮಾತನ್ನು ತರುತ್ತಾಳೆ.

ಶಿಜು ಹೇಳಿದ್ದನ್ನೆಲ್ಲ ಕ್ರಮವಾಗಿ ಹೇಳಿದೆ. "ಹಳೇದನ್ನ ಉಳಿಸೋದು ಗ್ಯಾರಂಟಿ ಇಲ್ಲವಂತೆ. ಅಳಿಸಿದ್ರೆ ನಾಳೆನೇ ರೆಡಿ. ನಾವು ಹೊಸದಾಗಿ ಶುರು ಮಾಡಬಹುದು. ಏನು ಮಾಡ್ಲಿ? ಅಳಿಸಿಬಿಡು ಅನ್ನಲಾ?"

ಆ ಕಡೆ ಉಸಿರು ಮಾತ್ರ ಕೇಳುತ್ತಿತ್ತು. ಹಿನ್ನೆಲೆಯಲ್ಲಿ ನಮ್ಮ ಬಾಲ್ಕನಿಯ ತಗಡಿನ ಮೇಲೆ ಬೀಳುವ ಮಳೆ. ಮಣಿಕಟ್ಟಿನ ಮೇಲೆ ಒಂದು ಹಳೆಯ ಏಟಿನ ನೆನಪಾಯಿತು. ಸುಮ್ಮನೆ ಕಾದೆ. ಶಿಜು ತಿರುಪುಳಿ ಹಿಡಿದು ನನ್ನನ್ನೇ ನೋಡುತ್ತಿದ್ದ. "ಕಟ್ ಆಯಿತಾ, ಸಾರೇ?" ಎಂದ. ಇಲ್ಲವೆಂದು ತಲೆಯಾಡಿಸಿದೆ. ತುಟಿ ಕೂಡುವುದು, ಬಿಡುವುದು ನನಗೆ ಕಾಣುತ್ತಿರಲಿಲ್ಲ, ಆದರೂ ಕಂಡಂತಿತ್ತು.

ಕೊನೆಗೆ ಬಂತು. ನಿಧಾನವಾಗಿ, ಎರಡು ಅಕ್ಷರದ ನಡುವೆ ಜಾಗ ಬಿಟ್ಟು, ಹುಡುಕಿ, ಆರಿಸಿ ತಂದದ್ದು.

"ಖೋ... ಡಿ."

ಫೋನು ಕಿವಿಯ ಬಳಿಯೇ ಇತ್ತು. ಅವಳು ನಗುವುದು ಕೇಳಿಸಿತು.

"ಉಳಿಸಿ," ಎಂದೆ ಶಿಜುಗೆ.

"ಟೈಂ ಎಡುಕ್ಕುಂ ಸಾರೇ," ಎಂದ. ತುಂಬ ಸಮಯ ಹಿಡಿಯುತ್ತದೆ.

"ಸಾರಮಿಲ್ಲ," ಎಂದೆ.